ಹೂಕುಂಡದಿಂದ ಚರಂಡಿ ಚಪ್ಪಡಿವರೆಗೆ

(ದಾವಣಗೆರೆಯಲ್ಲಿ ಅಡಿಕೆ ತೋಟದವರು, ಗಾರೆ ಮೇಸ್ತ್ರಿಗಳು, ಐಟಿಐ ಹುಡುಗರು ಒಟ್ಟಿಗೆ ಕೂತಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳು. ಮೈಕಿನ ಮುಂದೆ ತೊದಲಿದ್ದನ್ನು ಬಿಟ್ಟು, ಮರೆತಿದ್ದನ್ನು ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಭಾಷಣ ಮಾಡುವವನಲ್ಲ. ಮೂವತ್ತು ವರ್ಷದಿಂದ ವೆಲ್ಡಿಂಗ್ ಶಾಪ್ ಇಟ್ಟುಕೊಂಡವನು. ಗೇಟು, ಗ್ರಿಲ್ಲು, ಕಳೆ ತೆಗೆಯುವ ಎಡೆಕುಂಟೆ, ಸೆಂಟ್ರಿಂಗ್ ಸಾಮಾನು, ಯಾರು ಏನು ಕೇಳಿದರೂ ಮಾಡಿಕೊಡುತ್ತೇನೆ. ಕೈಯಲ್ಲಿ ಏನಾದರೂ ಹಿಡಿದುಕೊಂಡರೆ ನನಗೆ ಮಾತು ಬರುತ್ತದೆ. ಅದಕ್ಕೇ ಈ ಒಡೆದ ಸಿಮೆಂಟ್ ಕುಂಡ ತಂದಿದ್ದೇನೆ. ನಮ್ಮ ಮನೆಯದೇ. ದಾಸವಾಳ ಇತ್ತು ಇದರಲ್ಲಿ. ನೋಡಿ, ಇಲ್ಲಿ ಸಿಮೆಂಟ್ ಕಿತ್ತುಹೋಗಿದೆ, ಒಳಗೆ ತಂತಿ ಕಾಣಿಸ್ತಾ ಇದೆ. ಕುಂಡ ಸೀಳಿದೆ, ಆದರೆ ಎರಡು ಹೋಳಾಗಿಲ್ಲ. ತಂತಿ ಹಿಡಿದುಕೊಂಡಿದೆ.

ಇಲ್ಲಿ ಕೂತಿರುವ ಮೇಸ್ತ್ರಿಗಳಿಗೆ ಒಂದು ಪ್ರಶ್ನೆ. ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣ ಇಟ್ಟ ಕಾಂಕ್ರೀಟ್, ಕಂಡುಹಿಡಿದವರು ಯಾರು? ಇಂಜಿನಿಯರ್ ಇರಬೇಕು ಅಂತೀರಿ, ಅಲ್ವಾ? ತೋಟದ ಮಾಲಿ ಸ್ವಾಮಿ! ಹೆಸರು ಜೋಸೆಫ್ ಮೋನಿಯೆ. ಫ್ರಾನ್ಸಿನವನು. ಮಣ್ಣಿನ ಕುಂಡ ಒಡೆಯುತ್ತದೆ, ಮರದ ತೊಟ್ಟಿ ಕೊಳೆಯುತ್ತದೆ, ದೊಡ್ಡ ಗಿಡ ಇಟ್ಟರೆ ಎರಡೂ ತಡೆಯಲ್ಲ. ಇದಕ್ಕೆ ಬೇಸತ್ತು ಸಿಮೆಂಟಿನ ಒಳಗೆ ಕಬ್ಬಿಣದ ಜಾಲರಿ ಇಟ್ಟು ಕುಂಡ ಮಾಡಿದ. 1867ರಲ್ಲಿ ಪೇಟೆಂಟ್ ತಗೊಂಡ. ಪೇಟೆಂಟ್ ಇದ್ದದ್ದು ತೋಟದ ತೊಟ್ಟಿಗೆ. ಆಮೇಲೆ ಅವನೇ ಪೈಪಿಗೆ ಹೋದ, ಹಲಗೆಗೆ ಹೋದ, 1875ರಲ್ಲಿ ಒಂದು ಸಣ್ಣ ಸೇತುವೆಯನ್ನೂ ಕಟ್ಟಿದ. ಇವತ್ತು ಪಿ.ಬಿ. ರಸ್ತೆಯಲ್ಲಿ ನೀವು ದಾಟಿ ಬಂದ ಚರಂಡಿ ಚಪ್ಪಡಿಗೆ ಆ ಹೂಕುಂಡವೇ ಮುತ್ತಜ್ಜ.

ಮೋನಿಯೆಗೂ ಕಬ್ಬಿಣ ಯಾಕೆ ಬೇಕು ಅನ್ನುವುದು ಪೂರ್ತಿ ಗೊತ್ತಿರಲಿಲ್ಲ. ಕುಂಡಕ್ಕೆ ಆಕಾರ ಕೊಡುವುದಕ್ಕೆ ಜಾಲರಿ ಅಂದುಕೊಂಡಿದ್ದ. ಅದನ್ನು ಗೋಡೆಯ ನಡುಮಧ್ಯ ಇಡುತ್ತಿದ್ದ. ಕಬ್ಬಿಣ ಎಲ್ಲಿರಬೇಕು ಅಂತ ಲೆಕ್ಕ ಹಾಕಿ ತೋರಿಸಿದ್ದು ಆಮೇಲೆ ಬಂದ ಜರ್ಮನಿಯ ಇಂಜಿನಿಯರುಗಳು. ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಕಬ್ಬಿಣ ಎಳೆತ ತಡೆಯುತ್ತದೆ. ಬಿಸಿಲಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಅಳತೆಗೆ ಹಿಗ್ಗುತ್ತವೆ, ಅದಕ್ಕೇ ಜಗಳ ಇಲ್ಲದೆ ಸಂಸಾರ ನಡೆಯುತ್ತದೆ.

ಈ ಲೆಕ್ಕ ನನಗೆ ಅರ್ಥ ಆಗಿದ್ದು ಪುಸ್ತಕದಿಂದ ಅಲ್ಲ. ನಮ್ಮ ಓಣಿಯಲ್ಲಿ ಚರಂಡಿ ಬಳಿಯಲು ಚಪ್ಪಡಿ ಎತ್ತಿದ್ದರು. ವಾಪಸ್ ಇಡುವಾಗ ಒಂದು ಚಪ್ಪಡಿ ಬೋರಲಾಯಿತು. ಮೇಲಿನದು ಕೆಳಗೆ. ನೋಡುವುದಕ್ಕೆ ಎರಡು ಮುಖವೂ ಒಂದೇ ಥರ, ಯಾರಿಗೆ ಗೊತ್ತಾಗಬೇಕು? ನಾನೂ ಅಲ್ಲೇ ನಿಂತು ಕೈ ಹಾಕಿದವನೇ. ವಾರದೊಳಗೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಹಿಂದಕ್ಕೆ ಬಂತು, ಟ್ರೇಲರ್ ಗಾಲಿ ಹತ್ತಿತು, ಚಪ್ಪಡಿ ನಡುವಿಗೆ ಲಟಕ್ ಅಂತು. ಪಕ್ಕದ ಚಪ್ಪಡಿ ಮೇಲೂ ಅದೇ ಗಾಲಿ ಹೋಗಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಒಡೆದದ್ದನ್ನು ತಿರುಗಿಸಿ ನೋಡಿದರೆ ಕಂಬಿ ಎಲ್ಲಾ ಮೇಲುಗಡೆ ಆರಾಮಾಗಿ ಮಲಗಿತ್ತು. ಭಾರ ಬಿದ್ದರೆ ಚಪ್ಪಡಿ ಕೆಳಗಡೆ ಹಿಗ್ಗುತ್ತದೆ, ಬಿರುಕು ಶುರುವಾಗುವುದು ಅಲ್ಲಿಂದ. ಕಂಬಿ ಬೇಕಾಗಿದ್ದೂ ಅಲ್ಲೇ. ಅವತ್ತಿನಿಂದ ನನ್ನ ಹತ್ತಿರ ಚಪ್ಪಡಿ ಫ್ರೇಮ್ ಮಾಡಿಸಿಕೊಳ್ಳುವವರಿಗೆಲ್ಲ ಒಂದು ಮಾತು ಹೇಳುತ್ತೇನೆ: ಹಸಿ ಇರುವಾಗಲೇ ಮೇಲಿನ ಮುಖಕ್ಕೆ ಕರಣೆಯಲ್ಲಿ ಒಂದು ಗುಣಿಸು ಗುರುತು ಗೀಚಿಬಿಡಿ. ಕಾಸು ಖರ್ಚಿಲ್ಲದ ಇನ್ವೆನ್ಷನ್ ಅದು. ಪೇಟೆಂಟ್ ನನ್ನದೇ, ಎಲ್ಲರೂ ಬಳಸಬಹುದು.

ಮೋನಿಯೆ ಕಥೆಯನ್ನು ಇಷ್ಟು ಎಳೆದದ್ದು ಯಾಕೆ ಅಂದರೆ, ನಾನು ಹೇಳಬೇಕಾಗಿರುವುದೆಲ್ಲ ಅದರಲ್ಲೇ ಇದೆ. ತೋಟದ ಕೆಲಸ, ಬೀದಿ ಕೆಲಸ ಎರಡೂ ಒಂದೇ ಕಾಂಪೌಂಡಿನ ಆಚೆ ಈಚೆ. ಒಳ್ಳೆಯ ಸಾಮಾನು ಗೋಡೆ ಹಾರಿ ಬರುತ್ತದೆ. ನಾವು ಮಾತ್ರ ಪಕ್ಕದವರ ಕೆಲಸ ನೋಡುವುದಿಲ್ಲ. ತೋಟದವರು ಮೇಸ್ತ್ರಿಯನ್ನು ಮನೆ ಕಟ್ಟುವಾಗ ಮಾತ್ರ ಕರೆಯುತ್ತಾರೆ, ಮೇಸ್ತ್ರಿ ತೋಟಕ್ಕೆ ಹೋಗುವುದು ಎಳನೀರಿಗೆ.

ಕುಂದವಾಡ ಕೆರೆ ಹತ್ತಿರದ ನಮ್ಮ ಗಾಜಿನ ಮನೆ ಎಲ್ಲರೂ ನೋಡಿದ್ದೀರಿ. ಫೋಟೋನೂ ತೆಗೆಸಿಕೊಂಡಿದ್ದೀರಿ. ಆ ಜಾತಿಯ ಕಟ್ಟಡಕ್ಕೆ ದೊಡ್ಡ ಹೆಸರು ತಂದವನೂ ಒಬ್ಬ ಮಾಲಿಯೇ, ಇಂಗ್ಲೆಂಡಿನ ಜೋಸೆಫ್ ಪ್ಯಾಕ್ಸ್‌ಟನ್. ಒಬ್ಬ ಶ್ರೀಮಂತರ ತೋಟದಲ್ಲಿ ಹೆಡ್ ಮಾಲಿಯಾಗಿದ್ದ. ದೊಡ್ಡ ತಟ್ಟೆಯಂಥ ಎಲೆ ಬಿಡುವ ವಿಕ್ಟೋರಿಯಾ ತಾವರೆ ಬೆಳೆಸುತ್ತಿದ್ದ. ಎಲೆ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿದ, ಎಲೆ ಮುಳುಗಲಿಲ್ಲ. ಎಲೆಯ ಕೆಳಗಿನ ನರಗಳು ಭಾರ ಹಂಚಿಕೊಳ್ಳುವುದನ್ನು ನೋಡಿ ಗಾಜಿನ ಚಾವಣಿಗೆ ಅದೇ ಥರದ ಯೋಚನೆ ಹಚ್ಚಿದ. 1851ರಲ್ಲಿ ಲಂಡನ್ನಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೇಸ್ ಅವನದು. ನನ್ನ ಮನಸ್ಸಿಗೆ ಹಿಡಿಸಿದ್ದು ತಾವರೆಗಿಂತ ಅವನ ನೀರಿನ ದೋಣಿಗಳು. ಚಾವಣಿ ನೀರು ಹರಿಯುವ ದೋಣಿಗಳನ್ನೇ ಹಳಿ ಮಾಡಿಕೊಂಡು, ಅವುಗಳ ಮೇಲೆ ಗಾಲಿ ಇರುವ ಟ್ರಾಲಿ ಓಡಿಸಿದ. ಗಾಜು ಕೂರಿಸುವವರು ಆ ಟ್ರಾಲಿಯಲ್ಲೇ ಕೂತು ಮುಂದೆ ಮುಂದೆ ಹೋದರು. 80 ಜನ ಒಂದು ವಾರದಲ್ಲಿ 18,000ಕ್ಕೂ ಹೆಚ್ಚು ಗಾಜು ಕೂರಿಸಿದರಂತೆ. ಸಾರವೆ ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಕಳೆಯುವ ನನಗೆ ಹೊಟ್ಟೆ ಉರಿಯಿತು.

ಈಗ ನಮ್ಮ ಊರಿನ ಹೆಮ್ಮೆಗೆ ಬರೋಣ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ದಾವಣಗೆರೆಯನ್ನು ಕರೆಯುತ್ತಿದ್ದರು, ಹತ್ತಿ ಮಿಲ್ಲುಗಳಿಂದ. ನನಗೆ ಲೇತ್ ಕೆಲಸ ಕಲಿಸಿದವರು ಮಿಲ್ ಫಿಟ್ಟರ್. ಬಟ್ಟೆ ಮಿಲ್ಲಿಗೂ ಹುಲ್ಲಿಗೂ ಏನು ಸಂಬಂಧ? ಹುಲ್ಲು ಕತ್ತರಿಸುವ ಮಿಷನ್ ಹುಟ್ಟಿದ್ದು ಬಟ್ಟೆ ಮಿಲ್ಲಿನ ಯಂತ್ರ ನೋಡಿ. ಎಡ್ವಿನ್ ಬಡ್ಡಿಂಗ್ ಅಂತ, ಇಂಗ್ಲೆಂಡಿನ ಸ್ಟ್ರೌಡ್ ಕಡೆಯ ಮೆಕ್ಯಾನಿಕ್. ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಲ್ಲುವ ಜುಂಗನ್ನು ಸಮ ಕತ್ತರಿಸಲು ಸುತ್ತುವ ಬ್ಲೇಡಿನ ಯಂತ್ರ ಇತ್ತು. ಅದನ್ನು ನೆಲದ ಮೇಲೆ ತಳ್ಳಿದರೆ ಹುಲ್ಲೂ ಹಾಗೇ ಸಮ ಆಗಬೇಕಲ್ಲ ಅಂದ. 1830ರಲ್ಲಿ ಪೇಟೆಂಟ್ ಆಯಿತು. ನಮ್ಮಲ್ಲೂ ಮಿಲ್ಲುಗಳಿದ್ದವು, ಯಂತ್ರಗಳಿದ್ದವು. ಮುಚ್ಚಿದಾಗ ಎಷ್ಟೋ ಸಾಮಾನು ಗುಜರಿಗೆ ಹೋಯಿತು. ನಾನೂ ತೂಕಕ್ಕೆ ತಂದಿದ್ದೇನೆ, ಸುಮ್ನೆ ಕತ್ತರಿಸಿ ಗೇಟಿಗೆ ಹಾಕಿದ್ದೇನೆ. ಯೋಚಿಸಿದರೆ ಈಗ ಬೇಜಾರಾಗುತ್ತದೆ.

ಇನ್ನು ನನ್ನ ಸೋಲಿನ ಕಥೆ. ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು ಗೊಬ್ಬರ ಸಾಗಿಸಲು ಒಂಟಿ ಗಾಲಿ ಗಾಡಿ ಕೇಳಿದರು. ಕಟ್ಟಡದ ಕಡೆ ಕಾಂಕ್ರೀಟ್ ತಳ್ಳುತ್ತಾರಲ್ಲ, ಅಂಥದ್ದು. ಗಟ್ಟಿಮುಟ್ಟಾಗಿರಲಿ ಅಂತ ಕಬ್ಬಿಣದ್ದೇ ಗಾಲಿ ಮಾಡಿದೆ. ಎರಡು ಇಂಚು ಅಗಲ. ಶಾಪಿನ ಮುಂದೆ ಟಾರ್ ರಸ್ತೆಯಲ್ಲಿ ತಳ್ಳಿದರೆ ಬೆಣ್ಣೆ ಥರ ಹೋಯಿತು. ತೋಟಕ್ಕೆ ಒಯ್ದೆವು. ನೀರು ಬಿಟ್ಟು ಎರಡು ದಿನ ಆಗಿತ್ತು. ಗೊಬ್ಬರ ತುಂಬಿ ಹತ್ತು ಹೆಜ್ಜೆ ಹೋಗಿಲ್ಲ, ಗಾಲಿ ಅಚ್ಚಿನವರೆಗೆ ಇಳಿಯಿತು. ಕೆಲಸಕ್ಕೆ ಬಂದಿದ್ದ ಹೆಣ್ಣುಮಕ್ಕಳು ಬಾಂಡ್ಲಿ ಕೆಳಗಿಟ್ಟು ನೋಡ್ತಾ ನಿಂತರು. ಅವರಲ್ಲಿ ಹಿರಿಯಾಕೆ ಹೇಳಿದ್ದು ಇಷ್ಟು: "ಅಣ್ಣಾ, ಬಾಂಡ್ಲಿ ತಲಿ ಮ್ಯಾಲೆ ಕುಂದ್ರುತೈತಿ. ನಿನ್ನ ಗಾಡಿ ಕೆಸರಾಗ ಕುಂದ್ರುತೈತಿ. ಯಾವುದು ವಾಸಿ ನೀನೇ ಹೇಳು."

ಉತ್ತರ ಇರಲಿಲ್ಲ. ವಾಪಸ್ ತಂದು ಕಬ್ಬಿಣದ ಗಾಲಿ ಕತ್ತರಿಸಿ, ಹಳೇ ಸ್ಕೂಟರ್ ಗಾಲಿ ಹಾಕಿದೆ. ಗಾಳಿ ಸ್ವಲ್ಪ ಕಮ್ಮಿ. ಟೈರು ನೆಲದ ಮೇಲೆ ಹರಡಿಕೊಂಡು ಕೂತಿತು, ಮುಳುಗುವುದು ನಿಂತಿತು. ಆದರೂ ತಳ್ಳುವವರ ತೋಳು ಸೋಲುತ್ತಿತ್ತು. ಯಾಕೆ ಅಂತ ಗೊತ್ತಾಗಲು ಇನ್ನೊಂದು ವರ್ಷ ಬೇಕಾಯಿತು. ಚೀನಾದವರು ಸಾವಿರದೆಂಟುನೂರು ವರ್ಷದ ಹಿಂದೆಯೇ ಒಂಟಿ ಗಾಲಿ ಗಾಡಿ ಓಡಿಸುತ್ತಿದ್ದರು. ಮುಂದೆ ಅವರಲ್ಲಿ ಬಳಕೆಗೆ ಬಂದ ಒಂದು ಮಾದರಿಯಲ್ಲಿ ದೊಡ್ಡ ಗಾಲಿ ಗಾಡಿಯ ನಡುವಿಗೆ ಇರುತ್ತದೆ, ಭಾರ ಅದರ ಎರಡು ಬದಿಗೆ. ಹೊರುವುದು ಗಾಲಿ, ಮನುಷ್ಯ ಬೀಳದಂತೆ ಹಿಡಿದುಕೊಂಡು ತಳ್ಳಿದರೆ ಸಾಕು. ನಮಗೆ ಬಂದದ್ದು ಯುರೋಪಿನ ಮಾದರಿ, ಗಾಲಿ ತೀರಾ ಮುಂದೆ. ಭಾರದಲ್ಲಿ ಒಂದು ಪಾಲು ಗಾಲಿಗೆ, ಇನ್ನೊಂದು ಪಾಲು ನಮ್ಮ ತೋಳಿಗೆ. ನಾನು ತೊಟ್ಟಿಯನ್ನು ಆರು ಇಂಚು ಮುಂದಕ್ಕೆ ಸರಿಸಿ ಗಾಲಿಯ ಹತ್ತಿರ ತಂದೆ, ಅಷ್ಟೇ. ಅದೇ ಗೊಬ್ಬರ, ಅದೇ ಗಾಡಿ, ಕೈಗೆ ಅರ್ಧ ಹಗುರ ಅಂದರು. ವ್ಯಾಕ್ಯೂಮ್ ಕ್ಲೀನರಿನಿಂದ ಹೆಸರು ಮಾಡಿದ ಜೇಮ್ಸ್ ಡೈಸನ್ ಇದ್ದಾನಲ್ಲ, ಅವನ ಮೊದಮೊದಲ ಸರಕೂ ಇದೇ, 1974ರ ಬಾಲ್‌ಬ್ಯಾರೋ. ಗಾಲಿ ಬದಲು ದಪ್ಪ ಚೆಂಡು, ಮೆತ್ತನೆ ಮಣ್ಣಲ್ಲಿ ಹೂತುಹೋಗದ ಹಾಗೆ. ಅವನೂ ಕೆಸರಲ್ಲಿ ಸಿಕ್ಕಿಹಾಕಿಕೊಂಡು ಬೈಸಿಕೊಂಡವನೇ ಇರಬೇಕು.

ಹಿಡಿಕೆಯ ಉದ್ದದ ವಿಷಯಕ್ಕೆ ಬರುತ್ತೇನೆ. ಇದು ಸಣ್ಣದು ಅನ್ನಿಸುತ್ತದೆ, ಸಣ್ಣದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿಯವರಿಗೆ ಗಿಡ್ಡ ಹಿಡಿಕೆಯ ಗುದ್ದಲಿ ಕೊಡುತ್ತಿದ್ದರು. ಎರಡಡಿ ಇದ್ದರೆ ಹೆಚ್ಚು. ದಿನವಿಡೀ ಬಗ್ಗಿಯೇ ಕೆಲಸ. ಉದ್ದ ಹಿಡಿಕೆ ಕೊಡಬಹುದಿತ್ತಲ್ಲ? ಗಿಡ್ಡದಾದರೆ ಯಾರು ಸೊಂಟ ನೆಟ್ಟಗೆ ಮಾಡಿದರೂ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ, ಕೆಲಸ ನಿಲ್ಲಿಸಿದ್ದಾರೆ ಅಂತ. ಕೂಲಿಯವರು ಕೋರ್ಟಿಗೆ ಹೋದರು. 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಂತು. ಒಂದು ಗುದ್ದಲಿಯ ಕಾವು ಕೋರ್ಟ್ ಮೆಟ್ಟಿಲು ಹತ್ತಿತ್ತು ನೋಡಿ.

ನಮ್ಮಲ್ಲಿ ಕಳೆ ತೆಗೆಯುವುದು ಇವತ್ತಿಗೂ ಕುಕ್ಕರುಗಾಲಲ್ಲಿ. ಸೈಕಲ್ ಎಡೆಕುಂಟೆ ಬಂದ ಮೇಲೆ ಸ್ವಲ್ಪ ಬದಲಾಗಿದೆ. ಹಳೇ ಸೈಕಲ್ಲಿನ ಮುಂದಿನ ಗಾಲಿ, ಹಿಂದೆ ಒಂದು ಬ್ಲೇಡು, ನಿಂತುಕೊಂಡು ತಳ್ಳುವುದು. ನಾನು ಎಷ್ಟು ಮಾಡಿಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲು ಮಾಡಿದ್ದಕ್ಕೆಲ್ಲ ಹಿಡಿಕೆ ಎತ್ತರ ನನ್ನ ಅಳತೆಗೆ. ನಾನು ಐದಡಿ ಎಂಟು ಇಂಚು. ತಳ್ಳುವವರು ಹೆಣ್ಣುಮಕ್ಕಳು, ಎಷ್ಟೋ ಜನ ಐದಡಿಯೂ ಇಲ್ಲ. ಎದೆ ಮಟ್ಟಕ್ಕೆ ಹಿಡಿಕೆ ಬಂದರೆ ತೋಳಿನ ಬಲ ಬ್ಲೇಡಿಗೆ ಇಳಿಯಲ್ಲ, ಬ್ಲೇಡು ಮಣ್ಣಿನ ಮೇಲೆ ಜಾರಿಕೊಂಡು ಹೋಗುತ್ತದೆ. "ಮಿಷನ್ ಸರಿ ಇಲ್ಲ" ಅಂತ ಮೂಲೆಗೆ ಇಡುತ್ತಾರೆ. ಮಿಷನ್ ಸರಿ ಇತ್ತು, ಅಳತೆ ತೆಗೆಯದ ನಾನು ಸರಿ ಇರಲಿಲ್ಲ. ಈಗ ಹಿಡಿಕೆಯಲ್ಲಿ ನಾಲ್ಕು ತೂತು, ಒಂದು ಬೋಲ್ಟು. ಯಾರಿಗೆ ಎಲ್ಲಿ ಬೇಕೋ ಅಲ್ಲಿ.

ಈ ಪೈಪ್ ನೋಡಿ. ಅರ್ಧ ಇಂಚಿನ ಪಾರದರ್ಶಕ ಪೈಪ್, ನೀರು ತುಂಬಿದೆ. ಮೇಸ್ತ್ರಿಗಳಿಗೆ ಗೊತ್ತು, ಲೆವೆಲ್ ಪೈಪ್. ತೋಟದವರು ಎಷ್ಟು ಜನ ಮುಟ್ಟಿದ್ದೀರಿ? ಕೈ ಎತ್ತಿ. ಇಬ್ಬರು. ಇಷ್ಟು ಅಗ್ಗದ, ಇಷ್ಟು ಸತ್ಯವಂತ ಸಾಮಾನು ಇನ್ನೊಂದಿಲ್ಲ. ನೀರು ಸುಳ್ಳು ಹೇಳಲ್ಲ. ಒಂದು ತುದಿ ಈ ಗೋಡೆಗೆ, ಇನ್ನೊಂದು ತುದಿ ಆ ಮೂಲೆಗೆ, ನಡುವೆ ಎಷ್ಟು ಡೊಂಕು ಇದ್ದರೂ ಎರಡು ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಎರಡೇ ಎಚ್ಚರಿಕೆ. ಒಳಗೆ ಗಾಳಿ ಗುಳ್ಳೆ ಇರಬಾರದು. ನಡೆಯುವಾಗ ಎರಡು ತುದಿಯನ್ನೂ ಹೆಬ್ಬೆರಳಲ್ಲಿ ಮುಚ್ಚಿಕೊಂಡು, ಓದುವಾಗ ಎರಡನ್ನೂ ಬಿಡಬೇಕು. ಒಂದು ಕಡೆ ಬೆರಳು ಮರೆತರೆ ಚಾವಣಿ ನೀರು ಹಿಂದಕ್ಕೆ ಹರಿಯುತ್ತದೆ. ನಮ್ಮ ಮನೆ ಬಚ್ಚಲಿನಲ್ಲಿ ಹಾಗೇ ಆಗಿದೆ. ಯಾರ ಬೆರಳು ಅಂತ ಹೇಳಲ್ಲ.

ಇದೇ ಪೈಪನ್ನು ಹೊಲಕ್ಕೆ ಒಯ್ಯಿರಿ. ಐದಡಿಯ ಎರಡು ಕೋಲಿಗೆ ತುದಿಗಳನ್ನು ಕಟ್ಟಿ, ಕೋಲಿನ ಮೇಲೆ ಸೆಂಟಿಮೀಟರ್ ಗುರುತು ಹಾಕಿ. ಒಬ್ಬರು ನಿಂತಲ್ಲೇ ನಿಲ್ಲಬೇಕು. ಇನ್ನೊಬ್ಬರು ನೀರು ಎರಡೂ ಕೋಲಿನಲ್ಲಿ ಒಂದೇ ಗುರುತಿಗೆ ಬರುವ ಜಾಗ ಹುಡುಕುತ್ತಾ ಮೇಲೆ ಕೆಳಗೆ ಸರಿಯಬೇಕು. ಸಿಕ್ಕಲ್ಲಿ ಒಂದು ಗೂಟ. ಆಮೇಲೆ ಮುಂದಿನದು. ಗೂಟಗಳನ್ನೆಲ್ಲ ಸೇರಿಸಿದರೆ ಹೊಲದ ಸಮಪಾತಳಿ ಗೆರೆ ಸಿಗುತ್ತದೆ. ಬದು ಅದರ ಮೇಲೆ ಹಾಕಿದರೆ ಮಳೆ ನೀರು ಓಡುವುದಿಲ್ಲ, ನಿಂತು ಇಂಗುತ್ತದೆ. ಚಿತ್ರದುರ್ಗದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೋಟೆ ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ, ಹಾಗೇ ಇಳಿಯುತ್ತಾ ಊರೊಳಗಿನ ಸಂತೆ ಹೊಂಡದವರೆಗೆ ಬರುವಂತೆ ಮಾಡಿದವರ ಮೊಮ್ಮಕ್ಕಳು ಅವರು. ಈಗ ಅದೇ ಸೀಮೆಯಲ್ಲಿ ಸಾವಿರ ಅಡಿ ಬೋರ್ ಕೊರೆಸುತ್ತೇವೆ.

ಅಲ್ಲಿ ಡ್ರಿಪ್ ಇಲ್ಲದೆ ದಾಳಿಂಬೆ ಇಲ್ಲ. ಡ್ರಿಪ್ ಬಗ್ಗೆ ಜಾಸ್ತಿ ಹೇಳಲ್ಲ, ನಿಮಗೇ ಗೊತ್ತು. ಇಸ್ರೇಲಿನ ಸಿಮ್ಚಾ ಬ್ಲಾಸ್ ನೀರಿನ ಇಂಜಿನಿಯರ್. ಸೋರುವ ಪೈಪಿನ ಪಕ್ಕದ ಮರ ಒಂದೇ ಬೇರೆಲ್ಲವಕ್ಕಿಂತ ಸೊಂಪಾಗಿ ಬೆಳೆದಿದ್ದನ್ನು ನೋಡಿ ಅದರ ಬೆನ್ನು ಬಿದ್ದ. ನಾವಾದರೆ ಸೋರುವ ಪೈಪಿಗೆ ಬಟ್ಟೆ ಸುತ್ತಿ ಮುಂದೆ ಹೋಗುತ್ತಿದ್ದೆವು.

ಬೀದಿಗೆ ಬರೋಣ. ರಸ್ತೆ ಕೆಲಸದಲ್ಲಿ ದಿನಾ "ಡಬ್ಲ್ಯೂಬಿಎಂ ಆಯ್ತಾ" ಅಂತ ಕೇಳುತ್ತೀರಿ. ವಾಟರ್ ಬೌಂಡ್ ಮೆಕಡಂ, ಜಲ್ಲಿ ಹಾಸಿ ನೀರು ಹಾಕಿ ಒತ್ತುವ ಪದರ. ಕೊನೆಯ ಎಂ ಅಂದರೆ ಮೆಕಡಂ. ಮೆಕಡಂ ಅಂದರೆ ಮನುಷ್ಯ! ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಡಂ, 1816ರಲ್ಲಿ ಬ್ರಿಸ್ಟಲ್ ಊರಿನ ರಸ್ತೆಗಳ ಮೇಲ್ವಿಚಾರಕ ಆದವನು. ಅಲ್ಲಿಯವರೆಗೆ ಅಡಿಪಾಯಕ್ಕೆ ದೊಡ್ಡ ದೊಡ್ಡ ಕಲ್ಲು ಹಾಸುತ್ತಿದ್ದರು. ಇವನು ಬೇಡ ಅಂದ. ಭಾರ ಹೊರುವುದು ಕೆಳಗಿನ ಮಣ್ಣು, ಅದು ಒಣಗಿದ್ದರೆ ಸಾಕು. ಕಲ್ಲಿನ ಕೆಲಸ ಮಣ್ಣಿಗೆ ನೀರು ಇಳಿಯದಂತೆ ನೋಡಿಕೊಳ್ಳುವುದು. ಸಣ್ಣ ಜಲ್ಲಿ ಹಾಕಿದರೆ ಗಾಡಿಗಳ ಗಾಲಿಯೇ ಅದನ್ನು ಒತ್ತಿ ಒಂದಕ್ಕೊಂದು ಕಚ್ಚಿಸುತ್ತದೆ. ಒಂದು ಕಲ್ಲು ಸುಮಾರು 170 ಗ್ರಾಂ ಮೀರಬಾರದು ಅಂತ ಅವನ ಲೆಕ್ಕ. ರಸ್ತೆ ನಡುವೆ ಸ್ವಲ್ಪ ಉಬ್ಬು, ಬದಿಗೆ ಇಳಿಜಾರು. ಈ ಉಬ್ಬು ಇದೆಯಲ್ಲ, ಇಡೀ ರಸ್ತೆಯ ಪ್ರಾಣ ಅದು. ನಮ್ಮ ಎಷ್ಟೋ ಓಣಿಗಳಲ್ಲಿ ಉಬ್ಬು ಹೋಗಿ ತಟ್ಟೆ ಆಗಿದೆ. ಟಾರ್ ಕಿತ್ತು ಬಂತು ಅಂತ ಬೈಯುತ್ತೇವೆ, ಕೊಲೆ ಮಾಡಿದ್ದು ಮಾತ್ರ ನಿಂತ ನೀರು. ತೋಟದವರು ಬಸಿಗಾಲುವೆ ತೆಗೆಯುವುದೂ ಇದಕ್ಕೇ ಅಲ್ವಾ?

ಟಾರ್ ಸೇರಿದ್ದು ಆಮೇಲೆ. 1901ರಲ್ಲಿ ಎಡ್ಗರ್ ಹೂಲಿ ಎಂಬ ಇಂಗ್ಲೆಂಡಿನ ಅಧಿಕಾರಿ ದಾರಿಯಲ್ಲಿ ಹೋಗುವಾಗ ಟಾರ್ ಪೀಪಾಯಿ ಬಿದ್ದು ಚೆಲ್ಲಿದ ಜಾಗ ನೋಡಿದ. ಯಾರೋ ಅದರ ಮೇಲೆ ಕಬ್ಬಿಣದ ಕಾರ್ಖಾನೆಯ ಕಿಟ್ಟ ಸುರಿದು ಮುಚ್ಚಿದ್ದರು. ಅಷ್ಟು ಜಾಗದಲ್ಲಿ ಮಾತ್ರ ಧೂಳಿಲ್ಲ, ಗುಂಡಿಯಿಲ್ಲ. ನಮ್ಮ ಕಾಲದಲ್ಲಿ ಮಧುರೈನ ರಸಾಯನಶಾಸ್ತ್ರದ ಮೇಷ್ಟ್ರು ರಾಜಗೋಪಾಲನ್ ವಾಸುದೇವನ್ ಬಿಸಿ ಜಲ್ಲಿಗೆ ಪ್ಲಾಸ್ಟಿಕ್ ಚೂರು ಉದುರಿಸಿ, ಅದು ಕಲ್ಲಿಗೆ ಪದರದಂತೆ ಅಂಟಿದ ಮೇಲೆ ಡಾಂಬರು ಕಲಸಿದರು. 2018ರಲ್ಲಿ ಪದ್ಮಶ್ರೀ ಬಂತು.

ನನಗೆ ಇಷ್ಟವಾದದ್ದು ಪೇವರ್, ಪಕ್ಕಪಕ್ಕ ಜೋಡಿಸಿ ಹಾಸುವ ಕಾಂಕ್ರೀಟ್ ಬ್ಲಾಕು. ನಮ್ಮ ಓಣಿಗೆ ಕಾಂಕ್ರೀಟ್ ರಸ್ತೆ ಬಂದು ಎರಡು ವರ್ಷದಲ್ಲಿ ಮೂರು ಸಲ ಅಗೆದರು. ಒಮ್ಮೆ ಒಳಚರಂಡಿಗೆ, ಒಮ್ಮೆ ನೀರಿನ ಪೈಪಿಗೆ, ಒಮ್ಮೆ ಕೇಬಲ್ಲಿಗೆ. ಪ್ರತಿ ಸಲ ತೇಪೆ. ಪೇವರ್ ಆಗಿದ್ದರೆ ಎತ್ತಿಟ್ಟು, ಕೆಲಸ ಮುಗಿಸಿ, ಅದೇ ಕಲ್ಲು ವಾಪಸ್ ಇಡಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ನೆದರ್‌ಲ್ಯಾಂಡಿನವರು ಸುಟ್ಟ ಇಟ್ಟಿಗೆಯ ಬದಲು ಕಾಂಕ್ರೀಟ್ ಬ್ಲಾಕ್ ಹಾಸಿದ್ದರಿಂದ ಇದು ಬೆಳೆಯಿತು. ಆದರೆ ಮೇಸ್ತ್ರಿಗಳೇ, ದಯವಿಟ್ಟು ಸಂದಿಗೆ ಸಿಮೆಂಟ್ ಹಾಲು ಹುಯ್ಯಬೇಡಿ. ಮರಳು ಸಾಕು. ಸಿಮೆಂಟ್ ಹುಯ್ದರೆ ಅದೂ ಒಂದು ಕಾಂಕ್ರೀಟ್ ರಸ್ತೆಯೇ. ಅಂಚಿಗೆ ಮಾತ್ರ ಗಟ್ಟಿ ಕಟ್ಟೆ ಕೊಡಿ. ಅಂಚು ಬಿಟ್ಟರೆ ಪೇವರ್ ಎಲ್ಲಾ ಮದುವೆ ಮನೆಯ ಚಪ್ಪಲಿ ಥರ ಚದುರುತ್ತವೆ.

ಕೊನೆಗೆ ಬೀದಿಯಿಂದ ತೋಟಕ್ಕೆ ಹಾರಿದ ಒಂದು. ಅಡಿಕೆಗೆ ಬೋರ್ಡೋ ಹೊಡೆಯುತ್ತೀರಲ್ಲ, ಮೈಲುತುತ್ತ ಸುಣ್ಣ. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ವಿಷ ಅಂತ ಹೆದರಲಿ ಎಂದು ರೈತರು ರಸ್ತೆ ಬದಿಯ ಬಳ್ಳಿಗೆ ಮಾತ್ರ ನೀಲಿ ಕಲಸು ಬಳಿದರು. ಆ ವರ್ಷ ರೋಗ ಬಂದು ಒಳಗಿನ ಬಳ್ಳಿಗಳ ಎಲೆ ಉದುರಿತು, ರಸ್ತೆ ಬದಿಯವು ಹಸಿರಾಗಿದ್ದವು. ಮಿಲಾರ್ಡೆ ಎಂಬ ವಿಜ್ಞಾನಿ ಅದನ್ನು ಗಮನಿಸಿ 1885ರಲ್ಲಿ ಜಗತ್ತಿಗೆ ಹೇಳಿದ. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗಕ್ಕೆ ಈ ಔಷಧಿ ಹಚ್ಚಿಸಿದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸುವುದು. ಸರಿಯಾಗಿದೆಯಾ ಅಂತ ನೋಡಲು ನಮ್ಮ ಕಸುಬಿನ ಸಾಮಾನೇ ಬೇಕು. ಉಜ್ಜಿದ ಕುಡುಗೋಲು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಹತ್ತದಿದ್ದರೆ ಹೊಡೆಯಬಹುದು.

ಮಾತು ಮುಗಿದ ಮೇಲೆ ಒಬ್ಬ ಐಟಿಐ ಹುಡುಗ ಎದ್ದು ನಿಂತ. "ಸಾರ್, ಇಂಥದ್ದು ಮಾಡಿದರೆ ದುಡ್ಡು ಬರುತ್ತಾ?" ಮೋನಿಯೆ ಹತ್ತಿರ ಸಾಲು ಸಾಲು ಪೇಟೆಂಟ್ ಇದ್ದವು, ದಿವಾಳಿಯಾಗಿ ಬಡತನದಲ್ಲೇ ಸತ್ತ ಅಂತ ಹೇಳಿದೆ. ಹುಡುಗನ ಮುಖ ಸಪ್ಪೆ ಆಯಿತು. ಡೈಸನ್ ಕೋಟ್ಯಧಿಪತಿ ಅಂತಲೂ ಹೇಳಿದೆ. ಸ್ವಲ್ಪ ಚೇತರಿಸಿಕೊಂಡ.

ಚಹಾ ಕುಡಿಯುವಾಗ ಮಾಯಕೊಂಡ ಕಡೆಯ ಅಕ್ಕ ಒಬ್ಬರು ಬಂದರು. ಸೈಕಲ್ ಎಡೆಕುಂಟೆ ಮನೆಯಲ್ಲಿದೆಯಂತೆ, ಯಾರೂ ಮುಟ್ಟುವುದಿಲ್ಲವಂತೆ. ಹಿಡಿಕೆ ಎಲ್ಲಿಗೆ ಬರುತ್ತೆ ಅಕ್ಕ ಅಂದೆ. ಕೈ ಎದೆಯ ಹತ್ತಿರ ತೋರಿಸಿದರು. ಜೇಬಿನಲ್ಲಿ ಟೇಪ್ ಇತ್ತು. ತೋಳು ಮಡಚಿ ನಿಲ್ಲಿ ಅಂತ ಹೇಳಿ ನೆಲದಿಂದ ಮೊಣಕೈವರೆಗೆ ಹಿಡಿದೆ. 36 ಇಂಚು. ಚಹಾ ಲೋಟದ ಮೇಲೆ ಬರೆದುಕೊಳ್ಳಲು ಹೋದೆ. ಅವರೇ ಪೆನ್ನು ಕಸಿದು ತಮ್ಮ ಅಂಗೈ ಮೇಲೆ ಬರೆದುಕೊಂಡರು.